ಬೀಮಿನ ಮೇಲಿನ ಅಗ್ಗಿಷ್ಟಿಕೆ

ಲಿಂಗಂಪಲ್ಲಿಯ ಮೇ ತಿಂಗಳ ಬಿಸಿಲಿಗೆ ಗೋಡೆಗಳೇ ಬೆವರುತ್ತಿದ್ದ ಒಂದು ಬೆಳಿಗ್ಗೆ, ಕುಮುದಾಳ ಮೂರನೇ ಮಹಡಿಯ ಫ್ಲಾಟಿಗೆ ಕರಿಕಲ್ಲಿನ ಅಗ್ಗಿಷ್ಟಿಕೆಯೊಂದು ಬಂತು. ತಾರ್ನಾಕದಲ್ಲಿ ಕೆಡವುತ್ತಿದ್ದ ಹಳೆಯ ಬಂಗಲೆಯಿಂದ ಅವಳೇ ತರಿಸಿದ್ದು. ಹೊತ್ತು ತಂದವರು ಹಲಗೆಪೆಟ್ಟಿಗೆ ಒಡೆದು, ಅದನ್ನು ಹಾಲಿನ ನಡುವೆ ಇಳಿಸಿ, ನೀರು ಕುಡಿದು ಹೊರಟುಹೋದರು. ಮದುವೆಮನೆಯಲ್ಲಿ ಮುನಿಸಿಕೊಂಡ ಬೀಗರ ಹಾಗೆ ಅದು ಅಲ್ಲೇ ಕೂತಿತು.

ಬೆಂಕಿ ಹಚ್ಚುವ ಯೋಚನೆ ಕುಮುದಾಳಿಗಿರಲಿಲ್ಲ. ಆ ಬಂಗಲೆಯ ಒಡತಿ ಒಮ್ಮೆ ಇದರ ಮುಂದೆ ಕಾಲು ಚಾಚಿ ಕೂತಿದ್ದನ್ನು ಅವಳು ನೋಡಿದ್ದಳು. ಕೈಯಲ್ಲಿ ಪುಸ್ತಕವಿಲ್ಲ, ಹೊಲಿಗೆಯಿಲ್ಲ. ಆದರೂ ಸುಮ್ಮನೆ ಯಾಕೆ ಕೂತಿದ್ದೀ ಎಂದು ಯಾರೂ ಕೇಳಿರಲಿಲ್ಲ. ಕುಮುದಾ ಹಾಲಿನಲ್ಲಿ ಕೂತರೆ ಚಹಾ ಕೇಳುತ್ತಿದ್ದರು. ಮಲಗುವ ಕೋಣೆಯಲ್ಲಿ ಕೂತರೆ ಮೈ ಹುಷಾರಿಲ್ಲವೇ ಎನ್ನುತ್ತಿದ್ದರು. ಬಾಲ್ಕನಿಯಲ್ಲಿ ಒಂದು ಬೆತ್ತದ ಕುರ್ಚಿಯಿತ್ತು. ಹೋದ ಸಲ ಸೇಡಂನಿಂದ ಬಂದಿದ್ದ ಅತ್ತೆ ಗದಿಗೆಮ್ಮ, "ಇದ್ಯಾಕ ಜಾಗಾ ಹಿಡದೈತಿ?" ಎಂದು ಅದನ್ನು ವಾಚ್‌ಮನ್‌ಗೆ ಕೊಟ್ಟುಬಿಟ್ಟಿದ್ದರು.

ಅದೇ ಅತ್ತೆ ಇವತ್ತು ಸಂಜೆಯ ರೈಲಿಗೆ ಬರುವವರಿದ್ದರು.

"ನಾ ಆಫೀಸಿನಿಂದ ಹಂಗ ಸ್ಟೇಷನ್‌ಗೆ ಹೋಗಿ ಕರಕೊಂಡ ಬರ್ತೀನಿ," ಎಂದು ಗಂಡ ಜನಾರ್ದನ ಫೋನು ಮಾಡಿದ. "ಚಿಂತಿ ಮಾಡಬ್ಯಾಡ. ಗ್ಯಾಸಿನ ರೊಟ್ಟಿ ಅವ್ವಗ ಸೇರೂದಿಲ್ಲ. ವಾರದಾಗ ಊರ ನೆನಪಾಗ್ತೈತಿ."

ಕುಮುದಾ ಅಗ್ಗಿಷ್ಟಿಕೆಯ ವಿಷಯ ಬಾಯಿ ಬಿಡಲಿಲ್ಲ. ಕುರ್ಚಿಯನ್ನು ಎತ್ತಿ ಕೊಡಬಹುದು. ನೆಲಕ್ಕೆ ಬೋಲ್ಟು ಜಡಿದ ಕಲ್ಲನ್ನು ಯಾವ ವಾಚ್‌ಮನ್‌ಗೂ ಕೊಡಲಾಗದು. ಸಂಜೆಯೊಳಗೆ ಅದು ಕದಲದಂತೆ ನಿಂತುಬಿಡಬೇಕು. ಎದುರಿನ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದ ಯಾದಗಿರಿಯ ಗೌಂಡಿ ಬೂದೆಪ್ಪನನ್ನು ಅವಳು ಕರೆಸಿದಳು. ಅವನು ಇಬ್ಬರು ಆಳುಗಳೊಂದಿಗೆ ಬಂದು ಕಲ್ಲನ್ನೊಮ್ಮೆ, ಅವಳನ್ನೊಮ್ಮೆ ನೋಡಿದ.

"ಯಕ್ಕಾರ, ಇಂಥಾ ಬಿಸಲಾಗ ಒಲಿ ಯಾಕ್ರಿ?"

"ಹಚ್ಚೂದಿಲ್ಲಪ್ಪಾ. ಗಟ್ಟಿ ನಿಂತರ ಸಾಕು."

"ನಿಂದರಸ್ತೀನಿ ತಗೋರಿ. ಬಿಲ್ಡಿಂಗ್ ಬಿದ್ರೂ ಇದು ಬೀಳಬಾರ್ದು, ಹಂಗ!"

ಡ್ರಿಲ್ಲು ತಾಗಿದ್ದೇ ತಡ, ಹಾಲಿನ ಹೊಳೆಯುವ ಟೈಲ್ಸು ಹಪ್ಪಳದಂತೆ ಮುರಿಯಿತು. ಅಡಿಯಲ್ಲಿ ಪೊಳ್ಳು. ಎರಡನೇ ರಂಧ್ರಕ್ಕೆ ಕೈ ಹಾಕುವಷ್ಟರಲ್ಲಿ ಬಾಗಿಲು ದಬದಬ ಬಡಿಯಿತು. ಕೆಳಗಿನ ಮನೆಯ ದತ್ತಾತ್ರೇಯ, ಅಪಾರ್ಟ್‌ಮೆಂಟಿನ ಸೆಕ್ರೆಟರಿ, ಒಂದು ಕೆನ್ನೆಗೆ ಸಾಬೂನಿನ ನೊರೆ ಹಚ್ಚಿಕೊಂಡೇ ನಿಂತಿದ್ದರು.

"ಮೇಡಂ, ನಮ್ಮ ಫ್ಯಾನು ಕುಣೀಲಿಕತ್ತದ! ಇಷ್ಟ ವಜ್ಜಾ ಹಾಲಿನ ನಡುವ ಇಟ್ಟೀರಿ, ಅದಕ್ಕ ಕೆಳಗ ಆಧಾರ ಏನದ? ನಾ ಒಬ್ಬವ ಇದ್ದೀನಿ!"

ಅವರು ಹೋಗಲಿಲ್ಲ, ಉಸ್ತುವಾರಿಗೆ ನಿಂತರು. ಹಾಲಿನ ನೆಲ ತಾಳದೆಂದು ಆಳುಗಳು ಅಗ್ಗಿಷ್ಟಿಕೆಯನ್ನು ಪೈಪಿನ ತುಂಡುಗಳ ಮೇಲೆ ಉರುಳಿಸಿ ಮಲಗುವ ಕೋಣೆಗೆ ಒಯ್ದರು. ಅಲ್ಲಿ ಸ್ಪಂಜಿನ ಮೇಲೆ ಹಾಸಿದ ಮರದ ಪಟ್ಟಿಗಳ ನೆಲ. ಕಲ್ಲು ಇತ್ತ ಕುಸಿಯಿತು, ಅತ್ತ ಪಟ್ಟಿಗಳು ಹೆಡೆಯೆತ್ತಿದವು, ಜನಾರ್ದನನ ಬೀರು ಮುಂದಕ್ಕೆ ಬಾಗಿ ಎಲ್ಲರಿಗೂ ನಮಸ್ಕಾರ ಮಾಡಿತು. ದತ್ತಾತ್ರೇಯರು ಮತ್ತು ಆಳುಗಳು ಬೀರುವನ್ನು ಅಪ್ಪಿಕೊಂಡು ನಿಂತರು.

ಅಷ್ಟರಲ್ಲಿ ಎದುರು ಮನೆಯ ಶೋಭಾ ಮೊಬೈಲಿನಲ್ಲಿ ದಿಕ್ಸೂಚಿ ಹಿಡಿದು ಒಳಗೆ ಬಂದಳು. "ಅರೆ, ಬೆಡ್‌ರೂಮಿನಾಗ ಅಗ್ನಿ? ಗಂಡಾ ಹೆಂಡ್ತಿ ದಿನಾ ಹೊಡದಾಡ್ತೀರಿ! ಆಗ್ನೇಯಕ್ಕ ಇಡು ಕುಮುದಾ."

"ಆಗ್ನೇಯ ಅಂದ್ರ?"

"ಅಡಿಗಿಮನಿ!"

"ಬರೋಬರ್!" ದತ್ತಾತ್ರೇಯರು ಬೀರುವಿನ ಹಿಂದಿನಿಂದ ಕೂಗಿದರು. "ಅಲ್ಲೆ ಗ್ವಾಡಿ ಕೆಳಗ ಬೀಮ್ ಅದ!"

"ಶಾಬಾದಿ ಕಲ್ಲಿನ ನೆಲಾರಿ ಅಲ್ಲಿ. ಮೊಳಿ ಗಟ್ಟಿ ಹಿಡೀತೈತಿ," ಎಂದ ಬೂದೆಪ್ಪ.

ಪಾರ್ಕಿಂಗ್ ವಿಷಯದಲ್ಲಿ ಇಷ್ಟು ವರ್ಷ ಜಗಳವಾಡಿದ ಶೋಭಾ ಮತ್ತು ದತ್ತಾತ್ರೇಯರು ಮೊದಲ ಬಾರಿ ಒಂದಾಗಿದ್ದರು. ಯಾವ ಕೋಣೆಯಿಂದ ಕೊಂಚ ಹೊತ್ತು ತಪ್ಪಿಸಿಕೊಳ್ಳಲು ಕುಮುದಾ ಇಷ್ಟೆಲ್ಲ ಮಾಡಿದಳೋ ಅದೇ ಕೋಣೆಗೆ ಅಗ್ಗಿಷ್ಟಿಕೆ ಉರುಳಿಕೊಂಡು ಹೋಗುತ್ತಿತ್ತು. ಆದರೆ ಹೊತ್ತು ಇಳಿಯುತ್ತಿತ್ತು. ಅಡಿಗೆಮನೆಯಾದರೇನು, ಅದರ ಮುಂದಿನ ಎರಡು ಮೊಳ ಜಾಗ ತನ್ನದೇ ಎಂದು ಸಮಾಧಾನ ಹೇಳಿಕೊಂಡಳು.

ನೆಲಕ್ಕೆ ಬೋಲ್ಟು ಬಿತ್ತು. ಗೋಡೆಗೆ ಕಬ್ಬಿಣದ ಪಟ್ಟಿ ಬಿತ್ತು. ಸುತ್ತ ಸಿಮೆಂಟು ಬಿತ್ತು. ಕೊನೆಗೆ ಬೂದೆಪ್ಪ ಗೋಡೆಗೊಂದು ದೊಡ್ಡ ತೂತು ಕೊರೆದು ಪೈಪು ತೂರಿಸತೊಡಗಿದ.

"ಇದ್ಯಾಕಪ್ಪಾ? ಹಚ್ಚೂದಿಲ್ಲಂತ ಹೇಳೀನಲ್ಲ?"

"ಹೊಗಿಗೆ ದಾರಿ ಇಲ್ಲದ ಒಲಿ ಕಟ್ಟಿದ್ರ ಮಂದಿ ನನಗ ನಗ್ತಾರ್ರಿ, ಯಕ್ಕಾರ."

ಅವನು ಹೊರಟ ಸ್ವಲ್ಪ ಹೊತ್ತಿಗೆ ಗದಿಗೆಮ್ಮ ಒಳಗೆ ಬಂದರು. ಹಿಂದೆ ಚೀಲ ಹೊತ್ತ ಜನಾರ್ದನ. ಅತ್ತೆ ಒಡೆದ ಟೈಲ್ಸು ದಾಟಿ, ನೀರು ಕುಡಿಯಲು ಅಡಿಗೆಮನೆಗೆ ಹೋದವರು ಬಾಗಿಲಲ್ಲೇ ನಿಂತರು. ಅತ್ತೆ ಕಲ್ಲನ್ನು ಕೈಯಿಂದ ತಳ್ಳಿದರು. ಸೊಂಟದಿಂದ ತಳ್ಳಿದರು. ಅದು ಮಿಸುಕಲಿಲ್ಲ.

"ಯಾರ ಹುಗಿಸಿದ್ರು ಇದನ್ನ?"

"ನಾನ ರೀ, ಅತ್ತಿ." ಕುಮುದಾಳ ದನಿ ಎಂದಿಲ್ಲದಷ್ಟು ಗಟ್ಟಿಯಾಗಿತ್ತು. "ಕೀಳಾಕ ಬರೂದಿಲ್ಲ."

ಗದಿಗೆಮ್ಮ ಬಗ್ಗಿ ಒಳಗಿನ ಕಬ್ಬಿಣದ ಜಾಲರಿ ನೋಡಿದರು, ಹೊಗೆಯ ಪೈಪು ನೋಡಿದರು. ಎದ್ದು ನಿಂತಾಗ ಅವರ ಕಣ್ಣಲ್ಲಿ ನೀರಿತ್ತು.

"ಏ ಜನಾರ್ದನಾ, ನೋಡೋ ಇಲ್ಲಿ! ಗ್ಯಾಸಿನ ರೊಟ್ಟಿ ನನಗ ಸೇರೂದಿಲ್ಲಂತ ನನ್ನ ಸೊಸಿ ಒಲಿ ಕಟ್ಟಿಸ್ಯಾಳ! ಹೊಟ್ಟಿಲೆ ಹಡದ ನಿನಗ ಒಂದ ದಿನ ಹೊಳೀಲಿಲ್ಲ. ಇನ್ನ ನಾ ಊರಿಗೆ ಯಾಕ ಹೋಗ್ಲಿ?"

ಹಲಗೆಪೆಟ್ಟಿಗೆ ಸೌದೆಯಾಯಿತು. ಬೆಂಕಿ ಹೊತ್ತಿತು. ಹೊಗೆ ಬೂದೆಪ್ಪನ ಪೈಪಿನಲ್ಲಿ ಶಿಸ್ತಾಗಿ ಹೊರಗೆ ಹೋಯಿತು. ಅದನ್ನು ಕಂಡು ಬಕೀಟು ಹಿಡಿದು ಓಡಿಬಂದ ದತ್ತಾತ್ರೇಯರು, "ಇನ್ನೊಂದ ಹಾಕ್ರಿ ಅಜ್ಜಿ," ಎನ್ನುತ್ತ ಜೋಳದ ರೊಟ್ಟಿಯ ಮುಂದೆ ಕೂತರು.

ಕುಮುದಾ ಬಾಲ್ಕನಿಗೆ ಹೋಗಿ ಬೂದೆಪ್ಪನಿಗೆ ಫೋನು ಮಾಡಿದಳು. "ಅದನ್ನ ತೆಗೀಬೇಕಂದ್ರ?"

"ಗ್ವಾಡಿನೂ ಕೂಡೇ ಬರ್ತೈತ್ರಿ!" ಎಂದ ಅವನು, ಹೆಮ್ಮೆಯಿಂದ.

ಅಂದಿನಿಂದ ಕುಮುದಾ ಎರಡು ಹೊತ್ತೂ ತನ್ನ ಅಗ್ಗಿಷ್ಟಿಕೆಯ ಮುಂದೆ ಕೂರುತ್ತಾಳೆ. ಬಲಗಡೆ ಹಿಟ್ಟಿನ ಪರಾತ, ಎಡಗಡೆ ರೊಟ್ಟಿಬುಟ್ಟಿ. ಸುಮ್ಮನೆ ಯಾಕೆ ಕೂತಿದ್ದೀ ಎಂದು ಯಾರೂ ಕೇಳುವುದಿಲ್ಲ.