ಲೇಬಲ್ಲಿನ ಅಜ್ಜಿ ಬೈಕಿನಲ್ಲಿ ಬಂದರು

ನನ್ನ ಹೆಂಡತಿ ಸುಮಾ ಮಿಡಿ ಉಪ್ಪಿನಕಾಯಿ ಹಾಕಿ ಮಾರುವುದೆಂದಾಯಿತು. ಲೇಬಲ್ ತಯಾರಿಸುವ ಗುರುತರ ಹೊಣೆಯನ್ನು ಪದವೀಧರನಾದ ನಾನು ಸ್ವಇಚ್ಛೆಯಿಂದ ವಹಿಸಿಕೊಂಡೆ. ಅಜ್ಜಿಯ ಚಿತ್ರವಿಲ್ಲದ ಉಪ್ಪಿನಕಾಯಿಯನ್ನು ಯಾರು ನಂಬುತ್ತಾರೆ? ನಮ್ಮಜ್ಜಿಯದ್ದು ಇರುವುದೊಂದೇ ಫೋಟೋ. ಅದರಲ್ಲಿ ಆಕೆ ನೋಡುವ ನೋಟಕ್ಕೆ ಗಿರಾಕಿ ಬಾಟಲಿ ಕೆಳಗಿಟ್ಟು ಕ್ಷಮೆ ಕೇಳಬೇಕು. ಹಾಗಾಗಿ ನೆಟ್‌ನಲ್ಲಿ ಹುಡುಕಿದೆ. ಬೊಚ್ಚುಬಾಯಿ ತುಂಬ ನಗುವ ಅಜ್ಜಿಯೊಬ್ಬರು ಸಿಕ್ಕರು.

"ಯಾರದ್ರೀ ಇದು? ಕೇಳಿದ್ರಾ?" ಎಂದಳು ಸುಮಾ.

ನೆಟ್‌ನಲ್ಲಿರುವುದು ಊರ ಕೆರೆಯ ನೀರಿದ್ದಂತೆ, ಯಾರು ಬೇಕಾದರೂ ತುಂಬಿಕೊಳ್ಳಬಹುದು ಎಂದು ತಿಳಿಹೇಳಿದೆ. ಮೂಲೆಯಲ್ಲಿ ಯಾರದೋ ಹೆಸರು ಸಣ್ಣಗೆ ಇತ್ತು. ಅಂದಗೆಡುತ್ತದೆಂದು ಕತ್ತರಿಸಿದೆ. ಕೆಳಗೆ "ನಮ್ಮ ಸ್ವರ್ಗಸ್ಥ ಅಜ್ಜಿಯ ಕೈರುಚಿ" ಎಂದು ಸೇರಿಸಿದೆ. ಬಾಟಲಿಗಳು ಶಿರಾಳಕೊಪ್ಪದ ಸಂತೆಗೂ ಆನವಟ್ಟಿಯ ಅಂಗಡಿಗಳಿಗೂ ಹೋದವು.

ನಾಲ್ಕನೇ ದಿನ ಮನೆ ಮುಂದೆ ಬೈಕ್ ನಿಂತಿತು. ಓಡಿಸಿಕೊಂಡು ಬಂದವನ ಭುಜ ನಮ್ಮ ಬಾಗಿಲಿಗಿಂತ ಅಗಲ. ಹಿಂದೆ ಕೂತಿದ್ದವರು ನಮ್ಮ ಸ್ವರ್ಗಸ್ಥ ಅಜ್ಜಿ!

ನಾನು ಅಡುಗೆಮನೆಗೆ ಓಡಿ ಅಕ್ಕಿ ಡಬ್ಬದ ಹಿಂದೆ ನಿಂತೆ. ಡಬ್ಬ ನನ್ನ ಮೊಣಕಾಲಿಗೂ ಬರಲಿಲ್ಲ. ಈಗಲೂ ಬೈಕಿನ ಸದ್ದಾದರೆ ಕಾಲು ಅತ್ತಲೇ ಹೊರಡುತ್ತದೆ.

ಸುಮಾ ಕೈಹಿಡಿದು ಹೊರಗೆ ಎಳೆತಂದಳು. ಬಂದವನು ಆನವಟ್ಟಿಯಲ್ಲಿ ಸ್ಟುಡಿಯೋ ಇಟ್ಟವನಂತೆ.

"ಫೋಟೋ ತೆಗೆದವ ನಾನು. ಫೋಟೋದಲ್ಲಿರೋಳು ನಮ್ಮವ್ವ. ನೀವು ಯಾರನ್ನ ಕೇಳಿದ್ರಿ?"

ಅಜ್ಜಿ ನಿಧಾನಕ್ಕೆ ಹೇಳಿದರು: "ಚಂದ್ರಗುತ್ತಿಯಿಂದ ಬೀಗರು ಹಾರ ಹಿಡ್ಕಂಡು ಬಂದಿದ್ರು ಕಣಪ್ಪ. ಬಾಗ್ಲು ತೆಗ್ದೋಳು ನಾನೇ."

ಮಗ ಬಾಟಲಿಗಳನ್ನೆಲ್ಲ ವಾಪಸ್ ತರಿಸಿ, ಇಲ್ಲವೇ ಸ್ಟೇಷನ್ನಿಗೆ ನಡೆಯಿರಿ ಎಂದ. ಆ ವರ್ಷದ ಮಿಡಿಯೆಲ್ಲ ಆ ಬಾಟಲಿಗಳಲ್ಲೇ ಇತ್ತು. ಸುಮಾಳ ಕಣ್ಣು ತುಂಬಿತು. ನಾನು ಕಾಲೇಜಿನಲ್ಲಿ ಕಲಿತ ಇಂಗ್ಲಿಷೆಲ್ಲ ಸೇರಿಸಿ ಕ್ಷಮೆ ಕೇಳಿದೆ. ಅದು ಬೈಗುಳವಿರಬಹುದೆಂದು ಅವನು ಇನ್ನೊಂದು ಹೆಜ್ಜೆ ಮುಂದೆ ಬಂದ.

ಅಷ್ಟರಲ್ಲಿ ಅಜ್ಜಿ ಸಾಕ್ಷಿಗೆಂದು ತಂದಿದ್ದ ಬಾಟಲಿ ತೆರೆದು, ಮಿಡಿ ತೆಗೆದು ಬಾಯಿಗಿಟ್ಟು ಚೀಪಿದರು. ನಾವೆಲ್ಲ ಅವರ ದವಡೆಯನ್ನೇ ನೋಡುತ್ತ ನಿಂತೆವು.

"ಯಾರು ಹಾಕಿದ್ದು?"

ಸುಮಾ ಮೆಲ್ಲಗೆ ಕೈ ಎತ್ತಿದಳು.

"ಕೈ ಇವಳದು. ಮತ್ತೆ ಮುಖ ನಂದ್ಯಾಕೆ?" ಎಂದ ಅಜ್ಜಿ, ಮಗನಿಗೆ ಕ್ಯಾಮೆರಾ ತೆಗೆಯಲು ಹೇಳಿದರು.

ಹಳೆಯ ಲೇಬಲ್ಲುಗಳನ್ನೆಲ್ಲ ನಾನೇ ಅಂಗಡಿ ಅಂಗಡಿಗೆ ಹೋಗಿ ಕೆರೆದು ತೆಗೆದೆ. ಈಗ ಬಾಟಲಿಯ ಮೇಲೆ ಸುಮಾ ನಗುತ್ತಾಳೆ. ಮೂಲೆಯಲ್ಲಿ ಫೋಟೋ ತೆಗೆದವನ ಹೆಸರಿದೆ, ಅವನ ಒಪ್ಪಿಗೆ ಪತ್ರ ಕಪಾಟಿನಲ್ಲಿದೆ. ಅಂದು ನಾನೂ ಪಕ್ಕದಲ್ಲಿ ನಿಲ್ಲಲೇ ಎಂದು ಕೇಳಿದ್ದೆ. ಮಾರಾಟ ಆಗಬೇಕಲ್ಲಪ್ಪ ಎಂದರು ಅಜ್ಜಿ.

ನನ್ನ ಚಿತ್ರವನ್ನು ಯಾರು ಬೇಕಾದರೂ ಬಳಸಬಹುದೆಂದು ಒಂದು ಅನುಮತಿ ಪತ್ರ ಬರೆದು, ಸಹಿ ಮಾಡಿ ಇಟ್ಟಿದ್ದೇನೆ. ಇದುವರೆಗೆ ಯಾರೂ ಕೇಳಿಲ್ಲ.