ಲಾಂಡ್ರಿಯವರಿಗೊಂದು ಹಿಪ್-ಹಾಪ್ ಆಲ್ಬಮ್

ಲಾಂಡ್ರಿಯ ರೇಡಿಯೊ ಸಾಬೂನು ನೀರಿಗೆ ಬಿದ್ದು ಸತ್ತಿತು. ಹಾಡಿಲ್ಲದೆ ಕೈ ಓಡುವುದಿಲ್ಲವೆಂದು ಬೆಳಿಗ್ಗೆಯಿಂದ ಎಲ್ಲರ ಮುಖವೂ ಊದಿಕೊಂಡಿತ್ತು. ಇಸ್ತ್ರಿಯವನೊಬ್ಬನೇ ಒಳಗೊಳಗೆ ಕುಣಿಯುತ್ತಿದ್ದ. ಅವನ ಬಳಿ ಸ್ಪೀಕರ್ ಇತ್ತು, ಹಿಪ್-ಹಾಪ್ ಹುಚ್ಚಿತ್ತು. ಇಷ್ಟು ದಿನ ಇಯರ್‌ಫೋನ್ ಸಿಕ್ಕಿಸಿಕೊಂಡು ಕಳ್ಳನ ಹಾಗೆ ಕೇಳಿ ಸಾಕಾಗಿತ್ತು.

ನಾನು ಹಾಡು ಹಾಕಲೇ ಎಂದು ಅವನು ಕೇಳಿದ್ದಕ್ಕೆ ಅಂಗಡಿಯ ಒಡತಿ ದೊಡ್ಡಮ್ಮ ಒಪ್ಪಿದರು. ಇವತ್ತೊಂದು ದಿನ ನೋಡೋಣ, ಸಂಜೆಗೆ ಎಲ್ಲರಿಗೂ ಹಿಡಿಸಿದರೆ ಇನ್ನು ಮುಂದೆ ಹಾಡು ಹಾಕುವ ಹಕ್ಕು ಅವನದು. ಇಲ್ಲವಾದರೆ ತಮ್ಮ ಸೋದರನ ಕೊಳಲಿನ ರೆಕಾರ್ಡಿಂಗೇ ಕಾಯಂ ಎಂದರು. ಆ ಕೊಳಲು ಕೇಳಿದರೆ ನೆನೆಹಾಕಿದ ಬಟ್ಟೆಯೂ ಎದ್ದು ಓಡಬೇಕು.

ಇಸ್ತ್ರಿಯವನು ತನ್ನ ಪ್ರಾಣದಂಥ ಆಲ್ಬಮ್ ಹಾಕಿದ. ಎರಡನೇ ಸಾಲಿಗೇ ಹಾಡುಗಾರ ಯಾರದೋ ತಾಯಿಯನ್ನು ಎತ್ತಿ ಬೈದ. ಹೌಹಾರಿ ಫೋನಿನ ಕಡೆ ಹಾರಿದವನು ಇಸ್ತ್ರಿಪೆಟ್ಟಿಗೆಯನ್ನು ಗಿರಾಕಿಯ ಬಿಳಿ ಅಂಗಿಯ ಮೇಲೇ ಬಿಟ್ಟಿದ್ದ. ಬೆನ್ನಿನ ಮೇಲೆ ಕಂದು ದೋಣಿಯೊಂದು ಮೂಡಿತು.

"ಈಗ ಕೇಳಿದ ಬೈಗುಳ ಏನೂ ಅಲ್ಲ ಬಿಡು, ಅಂಗಿಯವರು ಬರಲಿ," ಎಂದಳು ಬಟ್ಟೆ ಮಡಚುವ ಅಕ್ಕ.

ಆಮೇಲೆ ಸಲಹೆಗಳು ಶುರುವಾದವು. ಬೈಗುಳ ಇರಬಾರದು ಎಂದು ಅಕ್ಕ. ಬಿ.ಪಿ. ಏರಬಾರದು ಎಂದು ಮೆಷಿನ್ ನೋಡಿಕೊಳ್ಳುವ ಮಾವ. ಒಂದು ಕತೆಯಾದರೂ ಇರಲಿ ಎಂದು ದೊಡ್ಡಮ್ಮ. ಬಾಡಿಗೆ ಮನೆ ನೋಡುವವರೂ ಇಷ್ಟು ಕೊಕ್ಕೆ ಹಾಕುವುದಿಲ್ಲ.

ಎರಡನೇ ಆಲ್ಬಮ್‌ನಲ್ಲಿ ಬೈಗುಳ ಇರಲಿಲ್ಲ, ಗುಂಡಿನ ಸದ್ದಿತ್ತು. ಗಂಟು ಹಿಡಿದು ಬಂದ ಗಿರಾಕಿಯೊಬ್ಬ ಮೇಜಿನಡಿ ಕೂತುಬಿಟ್ಟ. ಎದ್ದವನು ಗಂಟು ಸಮೇತ ಎದುರಿನ ಲಾಂಡ್ರಿಗೆ ಹೋದ.

ಇಸ್ತ್ರಿಯವನು ಬೆವರು ಒರೆಸಿಕೊಂಡು ಮೂರನೆಯ ಆಲ್ಬಮ್ ಹಾಕಿದ. ಸೋರುವ ಸೂರು, ಅಣ್ಣನ ಹಳೇ ಚಪ್ಪಲಿ, ಕೆಲಸ ಸಿಗದ್ದಕ್ಕೆ ಗೊಣಗುವ ಅಮ್ಮ. ಅದರಲ್ಲಿ ಹುಡುಗನೊಬ್ಬ ಎಲ್ಲವನ್ನೂ ನಿಧಾನವಾಗಿ ಹೇಳುತ್ತಿದ್ದ. ಇಸ್ತ್ರಿಯವನು ನಿಲ್ಲಿಸಲು ಸಿದ್ಧನಾಗಿ ಫೋನಿನ ಮೇಲೆ ಬೆರಳಿಟ್ಟುಕೊಂಡೇ ನಿಂತ. ಅಷ್ಟರಲ್ಲಿ ಮಾವನ ಕಾಲು ತಾಳ ಹಾಕತೊಡಗಿತು. ಅಕ್ಕನ ಕೈಯಲ್ಲಿ ಟವೆಲ್‌ಗಳು ಅದೇ ತಾಳಕ್ಕೆ ಮಡಚಿಕೊಂಡವು.

"ಇದು ಹಾಡಲ್ಲ ಕಣೋ, ಜಗಳ," ಎಂದರು ದೊಡ್ಡಮ್ಮ. "ಆದ್ರೆ ನ್ಯಾಯವಾದ ಜಗಳ. ಇನ್ನೊಂದ್ಸಲ ಹಾಕು."

ಇಸ್ತ್ರಿಯವನು ಗೆದ್ದೆನೆಂದುಕೊಂಡು ಸ್ಪೀಕರನ್ನು ಅವರ ಕೈಗೊಪ್ಪಿಸಿ, ಸುಟ್ಟ ಅಂಗಿ ಹಿಡಿದು ಅದರ ಯಜಮಾನರ ಮನೆಗೆ ಹೋದ. ಅವರು ಮನಸಾರೆ ಬೈದರು. ಇವನು ನಗುನಗುತ್ತಲೇ ಕೇಳಿಸಿಕೊಂಡ. ಅದಕ್ಕೆ ಮತ್ತೊಂದು ಸುತ್ತು ಬೈದರು.

ಸಂಜೆ ಮರಳಿದಾಗ ಸ್ಪೀಕರಿನಲ್ಲಿ ಅವನು ಎಂದೂ ಕೇಳದ ಯಾರೋ ಅಬ್ಬರಿಸುತ್ತಿದ್ದರು. ಮೂವರೂ ಅಕ್ಕನ ಫೋನಿನ ಮೇಲೆ ತಲೆ ಬಗ್ಗಿಸಿ ವಾದಿಸುತ್ತಿದ್ದರು. ಈ ಹಾಡುಗಾರ ಮೊದಲು ಅಪ್ಪಟ ಇದ್ದ, ಹೆಸರು ಬಂದ ಮೇಲೆ ಕೆಟ್ಟ ಎಂದು ಮಾವ. ಉಸಿರು ಹಿಡಿಯೋದರಲ್ಲಿ ಇವನನ್ನು ಮೀರಿಸುವವರಿಲ್ಲ ಎಂದು ಅಕ್ಕ.

"ಅಕ್ಕಾ, ಇದರ ತುಂಬ ಬೈಗುಳವೇ ಇದೆಯಲ್ಲ?"

"ಅದು ಬೈಗುಳ ಅಲ್ಲಪ್ಪ, ಒಳಗಿನ ಸಿಟ್ಟು. ಕೇಳ್ತಾ ಕೇಳ್ತಾ ನಿಂಗೂ ಅರ್ಥ ಆಗುತ್ತೆ."

ಅವನು ದೊಡ್ಡಮ್ಮನ ಕಡೆ ತಿರುಗಿ, ಹಾಗಾದರೆ ನಾಳೆಯಿಂದ ಹಾಡು ಹಾಕುವುದು ನಾನೇ ತಾನೆ ಎಂದ.

ದೊಡ್ಡಮ್ಮ ಕನಿಕರದಿಂದ ಅವನ ಬೆನ್ನು ಸವರಿದರು. "ನೀನು ಹಾಕಿದ್ದೂ ಚೆನ್ನಾಗೇ ಇತ್ತು ಮಗಾ. ಆದ್ರೆ ಅದು ಹೊಸಬರಿಗೆ. ನಾಳೆಯಿಂದ ಮಾವನೇ ಹಾಕ್ತಾರೆ. ನೀನು ಸ್ಪೀಕರ್ ಚಾರ್ಜ್ ಮಾಡಿ ತಂದ್ಬಿಡು."