ಚೀಟಿ ಇಲ್ಲದ ಡ್ರಮ್ಮು

ಆ ಡ್ರಮ್ಮಿಗೆ ಚೀಟಿ ಇರಲಿಲ್ಲ. ಆಗಿದ್ದಿಷ್ಟೇ.

ಕೊಳಚೆ ನೀರು ಶುದ್ಧೀಕರಣ ಘಟಕದ ಸ್ಟೋರ್‌ಕೀಪರ್ ಬೆಳಿಗ್ಗೆ ಎಂಟಕ್ಕೆ, ಅಪರೂಪಕ್ಕೆ ಸ್ಟೋರ್ ಬಿಟ್ಟು, ಆವರಣವನ್ನೆಲ್ಲ ಒಂದು ಸುತ್ತು ಹಾಕುತ್ತಿದ್ದಾಗ, ಕ್ಲೋರಿನ್ ಕೋಣೆಯ ಹೊರಗೋಡೆಗೆ ಒರಗಿದಂತೆ ಅದು ನಿಂತಿತ್ತು. ನೀಲಿ ಬಣ್ಣ, ಬಿಗಿದ ಮುಚ್ಚಳ, ಮೈಮೇಲೆ ಒಂದಕ್ಷರವಿಲ್ಲ. ಹತ್ತು ಗಂಟೆಗೆ ಅಪಾಯಕಾರಿ ರಾಸಾಯನಿಕಗಳ ತಪಾಸಣೆಗೆ ಅಧಿಕಾರಿ ಬರುವವರಿದ್ದರು. ಒಂಬತ್ತು ವರ್ಷದಿಂದ ಈತ ತಾತ್ಕಾಲಿಕ ನೌಕರ. "ಈ ಸಲ ವರದಿಯಲ್ಲಿ ಒಂದೂ ತಪ್ಪು ಬರದಿದ್ರೆ ನಿಮ್ಮನ್ನ ಕಾಯಂ ಮಾಡಿಸ್ತೀನಿ" ಎಂದು ಮ್ಯಾನೇಜರು ಹಿಂದಿನ ದಿನವಷ್ಟೇ ಮಾತು ಕೊಟ್ಟಿದ್ದರು. ಹೆಂಡತಿ ಆ ಸುದ್ದಿಯನ್ನು ತವರಿಗೆ ಮುಟ್ಟಿಸಿ, ಅಕ್ಕಪಕ್ಕದ ಮನೆಗಳಿಗೂ ಹಂಚಿ ಮುಗಿಸಿದ್ದಳು.

ಆತ ಲ್ಯಾಬಿಗೆ ಓಡಿದ.

"ಮೇಡಂ, ಒಂದು ಡ್ರಮ್ಮಿದೆ. ಅದರಲ್ಲೇನಿದೆ ಅಂತ ನೋಡಿ ಹೇಳ್ತೀರಾ?"

"ಅದಕ್ಕೇನಂತೆ. ಫಾರಂ ತುಂಬಿ ಕೊಡಿ."

ಫಾರಮ್ಮಿನ ಮೊದಲ ಸಾಲಿನಲ್ಲೇ 'ರಾಸಾಯನಿಕದ ಹೆಸರು' ಎಂದಿತ್ತು.

"ಹೆಸರು ಗೊತ್ತಿಲ್ಲದೇ ತಾನೇ ನಾನು ಬಂದಿರೋದು?"

"ಹೆಸರು ಗೊತ್ತಿಲ್ಲದ್ದನ್ನ ನಾನು ಮುಟ್ಟೋ ಹಾಗಿಲ್ಲ. ನಿಯಮ," ಎಂದು ಮೇಡಂ ಕನ್ನಡಕ ಸರಿಮಾಡಿಕೊಂಡರು.

ಬಾಗಿಲಲ್ಲಿ ಪಂಪ್ ಆಪರೇಟರ್ ನಿಂತು ಎಲ್ಲ ಕೇಳಿಸಿಕೊಂಡಿದ್ದ. ನೀರಿಲ್ಲದಿದ್ದರೂ ಓಡುವ ಪಂಪಿನ ಹಾಗೆ, ಯಾರೂ ಕೇಳದಿದ್ದರೂ ಸಲಹೆ ಕೊಡುವ ಮನುಷ್ಯ.

"ಅಣ್ಣಾ, ನೀಲಿ ಡ್ರಮ್ಮು ಅಂದ್ರೆ ಬ್ಲೀಚಿಂಗ್ ದ್ರಾವಣವೇ. ಒಂದು ಚೀಟಿ ಅಂಟಿಸಿ, ಒಳಗಿಡಿ. ಮುಗೀತು."

ಇಬ್ಬರೂ ಸೇರಿ ಡ್ರಮ್ಮನ್ನು ಟ್ರಾಲಿಗೆ ಏರಿಸಿ, ಏದುಸಿರು ಬಿಡುತ್ತಾ ಸ್ಟೋರಿಗೆ ತಂದರು. 'ಬ್ಲೀಚಿಂಗ್ ದ್ರಾವಣ' ಎಂಬ ಚೀಟಿ ಬಿತ್ತು. ಜಾಗ ಖಾಲಿಯಿದ್ದದ್ದು ಆಸಿಡ್ ಡ್ರಮ್ಮುಗಳ ಪಕ್ಕದಲ್ಲಿ ಮಾತ್ರ.

ಹತ್ತು ನಿಮಿಷಕ್ಕೆ ಲ್ಯಾಬ್ ಮೇಡಂ ಆ ಕಡೆ ಹಾದುಹೋದವರು ಅಲ್ಲೇ ನಿಂತರು.

"ಇವೆರಡನ್ನೂ ಪಕ್ಕಪಕ್ಕ ಇಟ್ಟಿದ್ದೀರಾ? ಸೋರಿ ಒಂದಾದ್ರೆ ವಿಷದ ಗ್ಯಾಸು. ನೀವು ಕಾಯಂ ಆಗೋಕೆ ಮುಂಚೆ ನಾವೆಲ್ಲ ಕಾಯಮ್ಮಾಗಿ ಹೋಗಿಬಿಡ್ತೀವಿ."

"ಹಾಗಾದ್ರೆ ಆಸಿಡ್ ಅಂತಲೇ ಬರೀರಿ," ಎಂದ ಆಪರೇಟರ್. "ಅಣ್ಣತಮ್ಮಂದಿರ ಹಾಗೆ ಒಟ್ಟಿಗಿರ್ತಾವೆ."

ಹಳೆಯ ಚೀಟಿಯ ಮೇಲೆ ಹೊಸ ಚೀಟಿ ಬಿತ್ತು. ಅಷ್ಟರಲ್ಲಿ ಮ್ಯಾನೇಜರು ಪಟ್ಟಿ ಹಿಡಿದು ಬಂದು ಬೆರಳಲ್ಲಿ ಎಣಿಸಿದರು.

"ನಮಗೆ ಪರವಾನಗಿ ಇರೋದು ನಾಲ್ಕು ಡ್ರಮ್ಮು ಆಸಿಡ್‌ಗೆ. ಇಲ್ಲಿ ಐದಿದೆ. ಇವತ್ತೇ ಮರಿ ಹಾಕಬೇಕಿತ್ತಾ ಇದು?"

ಗೇಟಿನಲ್ಲಿ ಜೀಪಿನ ಸದ್ದಾಯಿತು. "ಖಾಲಿ ಅಂತ ಬರೀರಿ ಅಣ್ಣಾ," ಎಂದು ಆಪರೇಟರ್ ಪಿಸುಗುಟ್ಟಿದ. "ಖಾಲಿ ಡ್ರಮ್ಮನ್ನ ಯಾರು ವಿಚಾರಿಸ್ತಾರೆ?"

ತಪಾಸಣಾಧಿಕಾರಿ ವಿಚಾರಿಸಿದರು. ತೆಳ್ಳಗಿನ, ಮೆಲುದನಿಯ ಮನುಷ್ಯ. ಆವರಣವನ್ನೆಲ್ಲ ಸುತ್ತಿ, ಟಿಪ್ಪಣಿ ಮಾಡಿಕೊಂಡು, ಕೊನೆಗೆ ಸ್ಟೋರಿಗೆ ಬಂದು ಡ್ರಮ್ಮನ್ನು ಪೆನ್ನಿನಿಂದ ತಟ್ಟಿದರು. ಅದು ಉಂಡು ಮಲಗಿದವರ ಹೊಟ್ಟೆಯಂತೆ ಸದ್ದು ಮಾಡಿತು. ಅವರು 'ಖಾಲಿ' ಚೀಟಿಯ ತುದಿಯನ್ನು ಉಗುರಿನಿಂದ ಎಬ್ಬಿಸಿದರು. ಕೆಳಗೆ ಆಸಿಡ್. ಅದನ್ನೂ ಎಬ್ಬಿಸಿದರು. ಬ್ಲೀಚಿಂಗ್ ದ್ರಾವಣ.

"ಇದರಲ್ಲಿ ಯಾವುದು ನಿಜ?"

"ಯಾವುದೂ ಅಲ್ಲ ಸಾರ್. ಒಳಗೇನಿದೆ ಅಂತ ನನಗೆ ಗೊತ್ತಿಲ್ಲ."

"ನಿಮ್ಮ ಚೀಟಿ ನಂಬಿ ನಾಳೆ ಯಾರಾದ್ರೂ ಬರಿಗೈಲಿ ಮುಚ್ಚಳ ತೆಗೆದಿದ್ರೆ?"

ಅಧಿಕಾರಿ ದನಿ ಏರಿಸಲಿಲ್ಲ. ಬೆಳಗಿನಿಂದ ಸ್ಟೋರ್‌ಕೀಪರ್ ತನ್ನ ಕೆಲಸದ ಬಗ್ಗೆ ಯೋಚಿಸಿದ್ದನೇ ಹೊರತು, ಆ ಕೈಯ ಬಗ್ಗೆ ಒಮ್ಮೆಯೂ ಯೋಚಿಸಿರಲಿಲ್ಲ.

ಎಲ್ಲರನ್ನೂ ಗೇಟಿನಾಚೆ ಕಳಿಸಿದರು. ಲ್ಯಾಬ್ ಮೇಡಂ ಈ ಸಲ ಫಾರಂ ಕೇಳದೆ, ಮುಖವಾಡ ಹಾಕಿ, ಮೊಣಕೈವರೆಗಿನ ಕೈಗವಸು ತೊಟ್ಟು ಒಳಗೆ ಹೋದರು. ಮುಕ್ಕಾಲು ಗಂಟೆ ಕಳೆಯಿತು. ಹೆರಿಗೆ ವಾರ್ಡಿನ ಹೊರಗೆ ಕಾಯುವ ಗಂಡನಂತೆ ಸ್ಟೋರ್‌ಕೀಪರ್ ಗೇಟಿನುದ್ದಕ್ಕೂ ಓಡಾಡಿದ.

ಮೇಡಂ ಮುಖವಾಡ ಕಳಚುತ್ತಾ ಬಂದರು.

"ನೀರು. ಶುದ್ಧವಾದ ನಲ್ಲಿ ನೀರು. ನಮ್ಮ ಇಡೀ ಘಟಕದಲ್ಲಿ ಇಷ್ಟು ಒಳ್ಳೇ ನೀರು ಬೇರೆಲ್ಲೂ ಇಲ್ಲ."

ಸ್ಟೋರ್‌ಕೀಪರನ ಕಣ್ಣಲ್ಲೂ ಸ್ವಲ್ಪ ನೀರು ಬಂತು. ಅಧಿಕಾರಿಯೂ ನಸುನಕ್ಕರು.

"ನೀರು ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿಲ್ಲ. ಅದಕ್ಕೆ ಚೀಟಿಯೂ ಬೇಕಿರಲಿಲ್ಲ. ಎಚ್ಚರಿಕೆ ಹೇಳಿ ಬಿಟ್ಟುಬಿಡ್ತೀನಿ, ಬರೆಯಲ್ಲ."

ಮ್ಯಾನೇಜರು ಸ್ಟೋರ್‌ಕೀಪರನ ಬೆನ್ನು ತಟ್ಟಿದರು. ಅಧಿಕಾರಿ ಹಾಳೆ ತಿರುವಿದರು.

"ಇನ್ನೊಂದೇ ಉಳಿದಿರೋದು. ಕ್ಲೋರಿನ್ ಕೋಣೆ ಹೊರಗೆ, ಯಾರ ಕಣ್ಣಿಗಾದ್ರೂ ಏನಾದ್ರೂ ಸಿಡಿದ್ರೆ ತೊಳೆಯೋಕೆ ಅಂತ ಒಂದು ಡ್ರಮ್ಮು ಶುದ್ಧ ನೀರು ಯಾವಾಗಲೂ ಇರಬೇಕು. ಹೋದ ಸಲ ಇತ್ತು. ಇವತ್ತು ಇಲ್ಲ. ಯಾರು ತೆಗೆದಿದ್ದು?"

ಮ್ಯಾನೇಜರ ಕೈ ಬೆನ್ನಿನಿಂದ ಜಾರಿತು. ಸ್ಟೋರ್‌ಕೀಪರ್ ಮೆಲ್ಲನೆ ಕೈ ಎತ್ತಿದ.

ಅಧಿಕಾರಿ ಅದನ್ನು ಬರೆದುಕೊಂಡರು. ಇಡೀ ವರದಿಯಲ್ಲಿ ಅದೊಂದೇ ತಪ್ಪು.

ಜೀಪು ಹೋದ ಮೇಲೆ ಇಬ್ಬರೂ ಡ್ರಮ್ಮನ್ನು ಮತ್ತೆ ಟ್ರಾಲಿಗೆ ಏರಿಸಿ ತಳ್ಳತೊಡಗಿದರು. ಅರ್ಧ ದಾರಿಯಲ್ಲಿ ಪಂಪ್ ಆಪರೇಟರಿಗೆ ತಡೆದುಕೊಳ್ಳಲಾಗಲಿಲ್ಲ.

"ನೀರೇ ಇರಬೇಕು ಅಂತ ನನಗೆ ಬೆಳಿಗ್ಗೆನೇ ಅನ್ನಿಸಿತ್ತು ಅಣ್ಣಾ. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ."